ಏಳನೇ ಸಾಲಿನ ತಡೆಹಲ್ಲು

ಅವತ್ತಿನ ಗೋಳಿಗೆಲ್ಲ ಮೂಲ ಒಂದು ಬಾಲ್‌ಪೆನ್ನು. ಬೆಳಿಗ್ಗೆ ಒಂಬತ್ತಕ್ಕೆ ಸರಿಯಪ್ಪ ಎಂದಿನಂತೆ ತಗಡಿನ ಶೆಡ್ಡಿನಲ್ಲಿ ಕುರ್ಚಿಗೆ ಒರಗಿ, ರಿಜಿಸ್ಟರ್ ತೆರೆದು, ಹದಿನಾಲ್ಕು ಸಾಲುಗಳ ಎದುರು ‘ಸರಿ ಇದೆ’, ‘ಸರಿ ಇದೆ’ ಎಂದು ಬರೆದುಕೊಂಡು ಹೊರಟಿದ್ದ. ಏಳನೇ ಸಾಲಿಗೆ ಬರುವಷ್ಟರಲ್ಲಿ ಪೆನ್ನು ನಿಂತಿತು. ಕೊಡವಿದ, ಊದಿದ, ಅಂಗೈಗೆ ಗೀಚಿದ. ಪೆನ್ನು ಜಗ್ಗಲಿಲ್ಲ. ಏನು ಮಾಡಲೂ ತೋಚದೆ ಅವನು ಆ ಸಾಲನ್ನು ಓದಿದ. ಆರು ವರ್ಷಗಳಲ್ಲಿ ಓದಿದ್ದು ಅದೇ ಮೊದಲು.

‘೭. ವಿಂಚಿನ ತಡೆಹಲ್ಲು ಸರಿಯಾಗಿ ಬೀಳುತ್ತಿದೆಯೇ?’

ತಡೆಹಲ್ಲು ಅಂದರೇನು ಎಂದು ಸರಿಯಪ್ಪ ಯೋಚಿಸಿದ. ಸುರಕ್ಷತೆಯ ಹೊಣೆ ಹೊತ್ತ ಮನುಷ್ಯನಿಗೆ ಇಂಥ ಪ್ರಶ್ನೆ ಆರು ವರ್ಷ ತಡವಾಗಿ ಹುಟ್ಟಿದರೆ ಅದಕ್ಕೆ ಏನನ್ನಬೇಕೋ ನೀವೇ ಹೇಳಿ.

ಅವನ ನಿಜವಾದ ಹೆಸರನ್ನು ಕೂಗಿದರೆ ಅವನೇ ತಿರುಗಿ ನೋಡುತ್ತಿರಲಿಲ್ಲ. ಎಲ್ಲದಕ್ಕೂ ‘ಸರಿ ಇದೆ’ ಎಂದು ಬರೆದೂ ಬರೆದೂ ಸರಿಯಪ್ಪ ಆಗಿದ್ದ. ಬಾವಿ ಕೊರೆಯುವ ಆ ಕಂಪನಿಯಲ್ಲಿ ಅವನು ಮೊದಲು ಪೈಪು ಹೊರುವ ಗುಂಪಿನಲ್ಲಿದ್ದವನು. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಯಜಮಾನ ಅವನನ್ನು ಕೆಸರಿನಿಂದ ಎತ್ತಿ, ಗಾಲಿ ಇರುವ, ಕೈಯೂರಲು ಜಾಗವಿರುವ, ಗರಗರ ತಿರುಗುವ ಒಂದು ಕುರ್ಚಿಯಲ್ಲಿ ಕೂರಿಸಿದ್ದ. ಕೆಲಸ ನಡೆಯುವ ಜಾಗಕ್ಕೂ ಶೆಡ್ಡಿಗೂ ಮೂವತ್ತು ಹೆಜ್ಜೆ. ಬೂಟಿಗೆ ಕೆಸರು ಮೆತ್ತುತ್ತದೆಂದು ಆ ಮೂವತ್ತು ಹೆಜ್ಜೆಯನ್ನು ಸರಿಯಪ್ಪ ಆದಷ್ಟು ಉಳಿತಾಯ ಮಾಡುತ್ತಿದ್ದ. ಮನೆಯಲ್ಲಿ ಹೆಂಡತಿ ಅಕ್ಕಪಕ್ಕದವರಿಗೆ, “ನಮ್ಮನೆಯವರು ಒಂದು ಸಹಿ ಹಾಕದಿದ್ರೆ ಇಡೀ ಮಿಷನ್ನು ಅಲ್ಲಾಡಲ್ಲ” ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಆ ಕಂಪನಿ ಕೊರೆಯುತ್ತಿದ್ದುದು ಕೈಯಗಲದ ತೂತಲ್ಲ. ಒಬ್ಬ ಮನುಷ್ಯ ಒಳಗೆ ನಿಂತು ಮೊಣಕೈ ಚಾಚಬಹುದಾದಷ್ಟು ಅಗಲದ ಬಾವಿ. ಕೊರೆದ ಮೇಲೆ ಎದೆಮಟ್ಟದ ಒಂದು ಕಬ್ಬಿಣದ ಬುಟ್ಟಿಯಲ್ಲಿ ಮನುಷ್ಯನನ್ನು ನಿಲ್ಲಿಸಿ, ವಿಂಚು ಎಂಬ ಎತ್ತಿಳಿಸುವ ಯಂತ್ರದ ಹಗ್ಗದಿಂದ ಕೆಳಗಿಳಿಸಿ, ಗೋಡೆಯ ಬಳೆಗಳನ್ನೂ ತಳದ ಹೂಳನ್ನೂ ನೋಡಿಸಬೇಕು. ಹಾಗೆ ಇಳಿಯುತ್ತಿದ್ದವನು ಸರಿಯಪ್ಪನ ಹೆಂಡತಿಯ ತಮ್ಮ. ಎರಡು ಮಕ್ಕಳ ತಂದೆ, ಸಣಕಲು, ಯಾರು ಏನು ಹೇಳಿದರೂ ನಂಬುವವನು. ದಿನಾ ಬುಟ್ಟಿಗೆ ಕಾಲಿಡುವ ಮೊದಲು, “ಭಾವ, ಎಲ್ಲಾ ನೋಡಿದ್ದೀರಲ್ಲ?” ಎಂದು ಶೆಡ್ಡಿನ ಕಡೆಗೆ ಕೂಗುತ್ತಿದ್ದ. “ಸರಿ ಇದೆ, ಇಳಿಯೋ” ಎಂದು ಸರಿಯಪ್ಪ ಕುರ್ಚಿಯಿಂದಲೇ ಅಪ್ಪಣೆ ಕೊಡುತ್ತಿದ್ದ.

ಪೆನ್ನು ಇನ್ನೂ ಕೈಯಲ್ಲೇ ಇರುವಾಗ ಯಜಮಾನನ ಫೋನು ಬಂತು.

“ಇವತ್ತು ನಾಲ್ಕು ಗಂಟೆಗೆ ತಪಾಸಣೆಗೆ ಬರ್ತಾರಂತೆ. ಹೆಂಗಸು. ಕೈಯಲ್ಲಿ ಸುತ್ತಿಗೆ ಹಿಡ್ಕೊಂಡು ಬರ್ತಾಳಂತೆ. ಪಟ್ಟೀಲಿ ಇರೋದನ್ನೆಲ್ಲ ಮುಟ್ಟಿ ಮುಟ್ಟಿ ನೋಡ್ತಾಳಂತೆ. ಎಲ್ಲಾ ಇದೆ ತಾನೆ?”

“ಸರಿ ಇದೆ ಸಾರ್.”

“ಇದ್ರೆ ಕುರ್ಚಿ ನಿಂದು. ಇಲ್ಲದಿದ್ರೆ ನಾಳೆ ಬೆಳಿಗ್ಗೆ ಪೈಪು ಹೊರೋಕೆ ಬಾ. ಹೆಗಲು ಇನ್ನೂ ಗಟ್ಟಿಯಾಗಿದೆ ನಿಂದು, ಹಾಳಾಗಿಲ್ಲ.”

ಸರಿಯಪ್ಪ ತನ್ನ ಹೆಗಲನ್ನು ಮುಟ್ಟಿಕೊಂಡ. ಆರು ವರ್ಷದಲ್ಲಿ ಅದು ತಲೆದಿಂಬಿನಷ್ಟು ಮೆತ್ತಗಾಗಿತ್ತು. ಇನ್ನು ಕೂತರೆ ಆಗದೆಂದು ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು, ಪ್ಯಾಂಟು ಮೇಲೆತ್ತಿಕೊಂಡು, ಮೂವತ್ತು ಹೆಜ್ಜೆ ನಡೆದೇಬಿಟ್ಟ.

ಮೊದಲ ಆರು ಸಾಲು ಹೇಗೋ ದಾಟಿದವು. ಎಚ್ಚರಿಕೆಯ ಗಂಟೆ ಇತ್ತು, ಅದರೊಳಗೆ ನಾಲಿಗೆ ಇರಲಿಲ್ಲ. ಪಟ್ಟಿಯಲ್ಲಿ ಕೇಳಿದ್ದು ಗಂಟೆ ಇದೆಯೇ ಎಂದು ಮಾತ್ರ ಎಂದು ಸರಿಯಪ್ಪ ಸಮಾಧಾನ ಮಾಡಿಕೊಂಡ. ಕೆಂಪು ಬಾವುಟ ಕೈ ಒರೆಸುವ ಬಟ್ಟೆಯಾಗಿತ್ತು, ಆದರೆ ಕೆಂಪಗೇ ಇತ್ತು. ಏಳನೆಯದಕ್ಕೆ ಬಂದು ವಿಂಚನ್ನು ಒಂದು ಸುತ್ತು ಹಾಕಿದ. ಹಗ್ಗ ಸುತ್ತಿದ ದೊಡ್ಡ ಉರುಳೆ, ಅದರ ಬಲಕ್ಕೆ ಎಂಜಿನ್ನಿನಿಂದ ತಿರುಗುವ ಹಲ್ಲಿನ ಚಕ್ರ, ಎಡತುದಿಯಲ್ಲಿ ಅನ್ನದ ಪಾತ್ರೆಯಷ್ಟು ದೊಡ್ಡ, ಸೀಲು ಹಾಕಿದ ಒಂದು ದುಂಡನೆಯ ಹಸಿರು ಡಬ್ಬಿ. ಡಬ್ಬಿಯ ಮೇಲೆ ಒಂದು ಚಹಾದ ಲೋಟ. ತಡೆಹಲ್ಲು ಎಂದು ಎಲ್ಲಿಯೂ ಬರೆದಿರಲಿಲ್ಲ.

ವಿಂಚು ನಡೆಸುವವನು ಅಲ್ಲೇ ಕೂತಿದ್ದ. ಎಂಜಿನ್ನಿನ ಸದ್ದಿಗೆಂದು ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಎಂಜಿನ್ನು ನಿಂತಾಗಲೂ ತೆಗೆಯದೆ, ಹತ್ತಿಕಿವಿ ಎಂದೇ ಹೆಸರಾಗಿದ್ದ.

“ತಡೆಹಲ್ಲು ಎಲ್ಲಿದೆ?” ಎಂದು ಸರಿಯಪ್ಪ ಕೂಗಿದ.

“ಹಾಂ?”

“ತಡೆಹಲ್ಲು! ತಡೆಹಲ್ಲು!”

ಹತ್ತಿಕಿವಿ ಒಂದು ಕಿವಿಯ ಹತ್ತಿ ತೆಗೆದು, ಮೂರನೇ ಸಲ ಕೇಳಿಸಿಕೊಂಡು, ಡಬ್ಬಿಯ ಮೇಲಿನ ಲೋಟ ಎತ್ತಿ ಒಂದು ಗುಟುಕು ಕುಡಿದ. ಗೊತ್ತಿಲ್ಲ ಎಂದು ಹೇಳುವುದಕ್ಕಿಂತ ಸಾಯುವುದು ಮೇಲು ಎಂಬ ಜಾತಿಯ ಮನುಷ್ಯ ಅವನು.

“ಓ, ಅದಾ? ಇಲ್ಲೇ ಇತ್ತಲ್ಲ. ಹೋದ ತಿಂಗಳು ಈ ಕೈಯಲ್ಲೇ ಅದಕ್ಕೆ ಎಣ್ಣೆ ಹಾಕಿದ್ದೀನಿ.”

ಅಷ್ಟರಲ್ಲಿ ಭಾವಮೈದುನ ಬಂದ. ಅವನಿಗೂ ನೆನಪಿತ್ತು. “ಹೌದು ಭಾವ, ನಾನು ಇಳಿಯುವಾಗ ಟವೆಲ್ ನೇತು ಹಾಕ್ತಿದ್ದದ್ದು ಅದಕ್ಕೇ ಅಲ್ವಾ?” ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಒಬ್ಬಿಬ್ಬರಲ್ಲ, ಇಡೀ ಕಂಪನಿಯೇ ಅಂಥವರಿಂದ ತುಂಬಿತ್ತು. ಪೈಪು ಹೊರುವವರೂ ಬಂದು ಸುತ್ತ ನಿಂತರು. ಒಬ್ಬನಿಗೆ ಅದರ ಬಣ್ಣ ನೆನಪಿತ್ತು, ಇನ್ನೊಬ್ಬನಿಗೆ ಅದು ಕಾಲಿಗೆ ತಾಗಿದ ಗಾಯ ನೆನಪಿತ್ತು. ಗಾಯವನ್ನು ಪ್ಯಾಂಟು ಎತ್ತಿ ತೋರಿಸಿದ ಕೂಡ. ಐದು ನಿಮಿಷದಲ್ಲಿ ಎಲ್ಲರೂ ಸೇರಿ ತೀರ್ಮಾನಕ್ಕೆ ಬಂದರು: ತಡೆಹಲ್ಲನ್ನು ಯಾರೋ ಕದ್ದಿದ್ದಾರೆ.

ಅದು ಏನೆಂದು ಕೊನೆಗೂ ಹೇಳಿದವನು ಬೆಸುಗೆಯವನು. ಮುಖಕ್ಕೆ ಹಾಕುವ ಗಾಜಿನ ಮುಸುಕನ್ನು ಟೊಪ್ಪಿಯಂತೆ ಮೇಲೆತ್ತಿಕೊಂಡು ಬಂದು, ಹಲ್ಲಿನ ಚಕ್ರವನ್ನು ತಟ್ಟಿ ತೋರಿಸಿದ.

“ಒಂದು ಕಬ್ಬಿಣದ ನಾಲಿಗೆ ಕಣಯ್ಯ. ಈ ಹಲ್ಲುಗಳ ಮಧ್ಯೆ ಬಿದ್ದು ಉರುಳೆ ಹಿಂದಕ್ಕೆ ತಿರುಗದ ಹಾಗೆ ಹಿಡಿಯುತ್ತೆ. ಬ್ರೇಕು ಜಾರಿದ್ರೆ ಮನುಷ್ಯನ್ನ ಉಳಿಸೋದು ಅದೊಂದೇ. ಅದಿಲ್ಲ ಅಂದ್ರೆ ಬುಟ್ಟಿ ಸೀದಾ ತಳಕ್ಕೆ.”

ಸರಿಯಪ್ಪನ ಪಕ್ಕದಲ್ಲಿ ಭಾವಮೈದುನ ಬಾಯಿ ತೆರೆದುಕೊಂಡು ಬೆಸುಗೆಯವನ ಮಾತು ಕೇಳುತ್ತಿದ್ದ. ಈ ಬಡಪಾಯಿ ಎಷ್ಟು ನೂರು ಸಲ ತನ್ನ ಒಂದು ‘ಸರಿ ಇದೆ’ಯನ್ನು ನಂಬಿ ಬಾವಿಗೆ ಇಳಿದಿದ್ದಾನೆ ಎಂದು ನೆನೆದು ಸರಿಯಪ್ಪನಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆಯೇ. ಶೆಡ್ಡಿಗೆ ವಾಪಸು ಹೋಗುವ ಮೂವತ್ತು ಹೆಜ್ಜೆಯವರೆಗೂ ಅದು ಇತ್ತು. ಅಲ್ಲಿ ಕುರ್ಚಿ ಕಣ್ಣಿಗೆ ಬಿದ್ದದ್ದೇ ಆ ಜಾಗದಲ್ಲಿ ನಾಲ್ಕು ಗಂಟೆಯ ಚಿಂತೆ ಬಂದು ಕೂತಿತು.

ಮತ್ತೆ ವಿಂಚಿನ ಹತ್ತಿರ ಓಡಿ ಬಂದು, “ನೀನೇ ಒಂದು ಮಾಡಿಕೊಡಪ್ಪ” ಎಂದು ಬೆಸುಗೆಯವನ ಕೈ ಹಿಡಿದುಕೊಂಡ.

“ಮಾಡೋಕೆ ಎರಡು ದಿನ ಬೇಕು. ಯಾವುದಾದ್ರೂ ತಯಾರಿರೋದು ತಂದುಕೊಡು, ಕೂರಿಸ್ತೀನಿ. ಗುಜರಿ ಅಂಗಡೀಲಿ ನೋಡು. ಕದ್ದ ಮಾಲು ಇನ್ನೆಲ್ಲಿಗೆ ಹೋಗುತ್ತೆ?”

ಗುಜರಿ ಅಂಗಡಿ ಬೀದಿಯ ಕೊನೆಯಲ್ಲಿತ್ತು. ಮುರಿದ ಸೈಕಲ್ಲು, ತಳವಿಲ್ಲದ ಬಕೆಟ್ಟು, ಬಾಗಿಲಿಲ್ಲದ ಫ್ರಿಜ್ಜುಗಳ ನಡುವೆ ಅದರ ಒಡತಿ ಒಂದು ಟೈರಿನ ಮೇಲೆ ಕೂತಿದ್ದಳು. ಸರಿಯಪ್ಪ ಕೈಯಲ್ಲೇ ಆಕಾರ ಮಾಡಿ ತೋರಿಸಿದ.

“ಹೀಗೆ, ನಾಲಿಗೆ ಥರ ಇರುತ್ತೆ. ನಮ್ಮ ವಿಂಚಿಂದು. ಯಾರೋ ಕದ್ದು ತಂದು ನಿಮಗೆ ಕೊಟ್ಟಿರಬೇಕು.”

“ಕದ್ದದ್ದು ನಾನು ತಗೊಳಲ್ಲ” ಎಂದಳು ಒಡತಿ ಮೊದಲು. ಆಮೇಲೆ ಗಿರಾಕಿಯ ಮುಖದ ಬೆವರು ನೋಡಿ, “ಆದ್ರೆ ನಿಂದು ಒಂದು ಇದೆ” ಎಂದಳು. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ಯಾವುದೋ ಕಾಲದ ಯಾವುದೋ ಗೇಟಿನ ಕೀಲನ್ನು ಎಳೆದು ತೆಗೆದಳು. ಎರಕದ ಕಬ್ಬಿಣ, ಒಂದು ತುದಿ ಕೊಕ್ಕಿನಂತೆ ಬಾಗಿತ್ತು, ನಡುವೆ ಕೂದಲೆಳೆಯಂಥ ಒಂದು ಬಿರುಕು. “ನೋಡು, ನಾಲಿಗೆ. ಎರಡು ದಿನದ ಹಿಂದೆ ಬಂತು. ನಿಮ್ಮ ಕಂಪನಿಯ ವಾಸನೇನೇ ಹೊಡೀತಿದೆ.”

ಸರಿಯಪ್ಪ ಮೂಸಿ ನೋಡಿ ಹೌದೆಂದ. “ಏನು ಕೊಡಬೇಕು?”

“ದುಡ್ಡು ಬೇಡ. ಟೈರಿನ ಮೇಲೆ ಕೂತು ಕೂತು ನನ್ನ ಸೊಂಟ ಬಿದ್ದುಹೋಗಿದೆ. ನಿನ್ನ ಶೆಡ್ಡಲ್ಲಿ ಒಂದು ತಿರುಗೋ ಕುರ್ಚಿ ಇದೆಯಲ್ಲ, ಆ ಕಡೆ ಹೋಗುವಾಗೆಲ್ಲ ನೋಡ್ತಿದ್ದೆ. ಅದನ್ನ ಕೊಡು.”

ಸರಿಯಪ್ಪ ಕೇಳಿಕೊಂಡ, ಬೇಡಿಕೊಂಡ, ತನ್ನ ವಾಚು ಬಿಚ್ಚಿ ತೋರಿಸಿದ. “ವಾಚಿನ ಮೇಲೆ ಕೂರೋಕಾಗುತ್ತಾ?” ಎಂದಳು ಆಕೆ. ಗಂಟೆ ಎರಡಾಗಿತ್ತು. ಕೊನೆಗೆ ಆ ಜಾಣ ಕುರ್ಚಿ ಉಳಿಸಿಕೊಳ್ಳುವುದಕ್ಕೆ ಕುರ್ಚಿಯನ್ನೇ ಕೊಡಲು ಒಪ್ಪಿದ. ಹುದ್ದೆ ಉಳಿದರೆ ಕುರ್ಚಿ ಇನ್ನೊಂದು ಬರುತ್ತದೆ ಎಂಬುದು ಅವನ ಲೆಕ್ಕ.

ನಡುಬೀದಿಯಲ್ಲಿ ಗರಗರ ಸದ್ದು ಮಾಡಿಕೊಂಡು ಅವನು ಕುರ್ಚಿ ತಳ್ಳಿಕೊಂಡು ಹೋಗುವುದನ್ನು ಇಡೀ ಬೀದಿ ಹೊರಗೆ ಬಂದು ನೋಡಿತು. ಕ್ಷೌರದವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬಂದ.

“ಏನಣ್ಣ, ಕೆಲಸದಿಂದ ತೆಗೆದರಾ?”

“ಇಲ್ಲಪ್ಪ, ಗಾಲಿ ರಿಪೇರಿಗೆ.”

“ಚೆನ್ನಾಗೇ ತಿರುಗ್ತಿದೆಯಲ್ಲ?”

“ಅದೇ, ಜಾಸ್ತಿ ತಿರುಗುತ್ತೆ” ಎಂದು ಸರಿಯಪ್ಪ ತಲೆ ತಗ್ಗಿಸಿ ಹೆಜ್ಜೆ ಬಿರುಸು ಮಾಡಿದ. ಹತ್ತು ನಿಮಿಷದಲ್ಲೇ ಹೆಂಡತಿಯ ಫೋನು. “ಏನ್ರೀ, ನಿಮ್ಮನ್ನ ಕುರ್ಚಿ ಸಮೇತ ಹೊರಗೆ ಹಾಕಿದ್ರಂತೆ?” ಅವನು ಫೋನನ್ನು ಜೇಬಿಗೆ ಹಾಕಿ ಕುರ್ಚಿ ತಳ್ಳಿದ.

ಮೂರೂವರೆಗೆ ಬೆಸುಗೆಯವನು ಗೇಟಿನ ಕೀಲನ್ನು ಹಲ್ಲಿನ ಚಕ್ರದ ಮೇಲೆ ಕೂರಿಸಿದ. ಬುಟ್ಟಿ ಮೇಲೇರುವಾಗ ಅದು ಹಲ್ಲುಗಳ ಮೇಲೆ ಟಕ್‌ ಟಕ್‌ ಎಂದು ಜಾರುತ್ತಿತ್ತು. ಇಳಿಸುವಾಗ ಮಾತ್ರ ಒಬ್ಬರು ದಾರ ಎಳೆದು ಅದನ್ನು ಎತ್ತಿ ಹಿಡಿದಿರಬೇಕು, ದಾರ ಬಿಟ್ಟರೆ ಬಿದ್ದು ಕಚ್ಚುತ್ತದೆ. “ನಾನೇ ಹಿಡ್ಕೋತೀನಿ, ಭಯ ಬೇಡ” ಎಂದ ಬೆಸುಗೆಯವನು. ಹಸಿರು ಬಣ್ಣ ಬಳಿದ ಮೇಲೆ ಅದು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕಂಡಿತು.

“ಇದೇ, ಇದೇ! ನಾನು ಎಣ್ಣೆ ಹಾಕಿದ್ದು ಇದಕ್ಕೇ” ಎಂದ ಹತ್ತಿಕಿವಿ. ಗಾಯದವನು ತನ್ನ ಕಾಲಿನ ಗಾಯಕ್ಕೂ ಅದರ ಕೊಕ್ಕಿಗೂ ಅಳತೆ ಹಿಡಿದು ನೋಡಿ ತೃಪ್ತಿಪಟ್ಟ. ಸರಿಯಪ್ಪ ಹೊಸ ಪೆನ್ನು ತೆಗೆದು ಏಳನೇ ಸಾಲಿನ ಎದುರು ‘ಸರಿ ಇದೆ’ ಎಂದು ಬರೆದ. ಜೀವಮಾನದಲ್ಲಿ ಒಂದು ಸಲವಾದರೂ ನೋಡಿ ಬರೆದೆನಲ್ಲ ಎಂದು ಅವನಿಗೆ ಹೆಮ್ಮೆಯಾಯಿತು.

ನಾಲ್ಕಕ್ಕೆ ಸರಿಯಾಗಿ ಯಜಮಾನನ ಕಾರಿನಿಂದ ತಪಾಸಣೆಯವಳು ಇಳಿದಳು. ಗಿಡ್ಡ, ನರೆತ ಕೂದಲು, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿದ್ದಳು, ಕೈಯಲ್ಲಿ ಅಂಗೈಯಷ್ಟುದ್ದದ ಸುತ್ತಿಗೆ. ಬಂದವಳೇ ಯಾರ ನಮಸ್ಕಾರವನ್ನೂ ನೋಡದೆ ಕೆಸರು ತುಳಿದುಕೊಂಡು ವಿಂಚಿನ ಎಡತುದಿಗೆ ಹೋದಳು. ಹಸಿರು ಡಬ್ಬಿಯ ಮೇಲಿನ ಲೋಟವನ್ನು ಎರಡು ಬೆರಳಲ್ಲಿ ಎತ್ತಿದಳು.

“ಇದು ಯಾರದು?”

ಹತ್ತಿಕಿವಿ ಕೇಳಿಸದವನಂತೆ ನಿಂತ. ನಿಜವಾಗಿಯೂ ಕೇಳಿಸಿರಲಿಲ್ಲ. ಆಕೆ ಲೋಟವನ್ನು ಕೆಳಗಿಟ್ಟು, ಡಬ್ಬಿಯನ್ನು ನಾಲ್ಕು ಕಡೆ ಸುತ್ತಿಗೆಯಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಸೀಲನ್ನು ಓದಿ, ತಲೆಯಾಡಿಸಿದಳು. ಪಟ್ಟಿಯಲ್ಲಿ ಹದಿನಾಲ್ಕು ವಿಷಯ ಇರುವಾಗ ಇವಳು ಚಹಾದ ಲೋಟ ಇಡುವ ಡಬ್ಬಿಯನ್ನು ತಟ್ಟುತ್ತಾಳಲ್ಲ, ಇವಳಿಗೆ ಏನೂ ಗೊತ್ತಿಲ್ಲ ಎಂದು ಸರಿಯಪ್ಪ ಧೈರ್ಯ ತಂದುಕೊಂಡ. ಬಲಗಡೆ ಹೊಳೆಯುತ್ತಿದ್ದ ತಡೆಹಲ್ಲಿನ ಕಡೆಗೆ ಅವಳನ್ನು ಕರೆದೊಯ್ಯಲು ಕೈ ಚಾಚಿದ. ಆಕೆ ಆ ಕೈಯಿಂದ ರಿಜಿಸ್ಟರ್ ತೆಗೆದುಕೊಂಡಳು.

“ಬರೆಯೋದು ಯಾರು?”

“ನಾನೇ ಮೇಡಂ.”

“ಅಕ್ಷರ ಚೆನ್ನಾಗಿದೆ.” ಸರಿಯಪ್ಪ ಉಬ್ಬಿದ. ಆಕೆ ಹಿಂದಿನ ಹಾಳೆಗಳನ್ನು ತಿರುವಿದಳು, ಹಾಳೆಯ ತಲೆಬರಹವನ್ನು ಕನ್ನಡಕ ಏರಿಸಿ ಓದಿದಳು, ಒಂದು ಸಲ ಸರಿಯಪ್ಪನ ಬೂಟು ನೋಡಿದಳು. “ಒಂಬತ್ತನೇ ಸಾಲು ಗಟ್ಟಿಯಾಗಿ ಓದಿ.”

ಸರಿಯಪ್ಪ ಓದಿದ. “‘ಬೇರೆ ಯಾರನ್ನೂ ಇಳಿಸುವ ಮೊದಲು ಸುರಕ್ಷತೆಯ ಹೊಣೆಗಾರನು ತಾನೇ ಬುಟ್ಟಿಯಲ್ಲಿ ಇಳಿದು ನೋಡಿದ್ದಾನೆಯೇ?’” 

“ಎದುರಿಗೆ ಏನು ಬರೆದಿದೆ?”

“ಸರಿ ಇದೆ.”

“ಆರು ವರ್ಷ, ದಿನಾ ಇಳಿದಿದ್ದೀರಿ. ನಿಮ್ಮಷ್ಟು ಅನುಭವ ಇರೋರು ಈ ಊರಲ್ಲೇ ಇರಲಿಕ್ಕಿಲ್ಲ. ಹೇಗೆ ಇಳೀತೀರಿ, ಒಂದು ಸಲ ತೋರಿಸಿ.”

“ನಾನು ಇಳೀತೀನಿ ಮೇಡಂ, ನನಗೆ ಅಭ್ಯಾಸ” ಎಂದು ಭಾವಮೈದುನ ಮುಂದೆ ಬಂದ. “ಸಾಲು ಒಂಬತ್ತು” ಎಂದಳು ಆಕೆ. ಯಜಮಾನ ಸರಿಯಪ್ಪನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಒತ್ತಿದ. ಹೆಗಲು ಎಷ್ಟು ಗಟ್ಟಿ ಇದೆ ಎಂದು ನೋಡುತ್ತಿರುವಂತಿತ್ತು. ಇಳಿಯುವುದಿಲ್ಲ ಎಂದರೆ ಆರು ವರ್ಷ ಸುಳ್ಳು ಬರೆದೆ ಎಂದಂತೆ. ಸರಿಯಪ್ಪ ಬುಟ್ಟಿಗೆ ಕಾಲಿಟ್ಟ, ಕಾಲು ಸಿಕ್ಕಿಕೊಂಡಿತು, ಭಾವಮೈದುನ ಹಿಂದಿನಿಂದ ಎತ್ತಿ ಒಳಗೆ ಹಾಕಿದ.

ಬುಟ್ಟಿ ಇಳಿಯಿತು. ಹಸಿಮಣ್ಣಿನ ವಾಸನೆ ಮೂಗಿಗೆ ಬಂತು. ಸರಿಯಪ್ಪ ಕಣ್ಣು ಮುಚ್ಚಿ ಹಗ್ಗವನ್ನು ಅಪ್ಪಿಕೊಂಡು, ದಾರ ಹಿಡಿದ ಬೆಸುಗೆಯವನ ಕೈಯನ್ನು ನೆನೆಯುತ್ತ ಇಳಿದ. ಅರ್ಧ ಬಾವಿಗೆ ಬರುವವರೆಗೂ ಎಲ್ಲ ಚೆನ್ನಾಗಿಯೇ ಇತ್ತು.

ಮೇಲೆ ನಡೆದದ್ದು ಅವನಿಗೆ ತಿಳಿದದ್ದು ಆಮೇಲೆ. ತಪಾಸಣೆಯವಳು ಬಾವಿಯ ಬಾಯಿಗೆ ಬಗ್ಗಿ ನೋಡುತ್ತಿರುವಾಗ ಯಜಮಾನನಿಗೆ ಅವಳ ಪಕ್ಕದಲ್ಲಿ ತನ್ನದೊಂದು ಫೋಟೋ ಇರಲಿ, ಗೋಡೆಗೆ ಹಾಕಬಹುದು ಎನ್ನಿಸಿತು. ತನ್ನ ಫೋನನ್ನು ಹತ್ತಿರ ನಿಂತಿದ್ದ ಬೆಸುಗೆಯವನಿಗೆ ಕೊಟ್ಟು, “ಒಂದು ತೆಗಿ” ಎಂದ. ಬೆಸುಗೆಯವನಿಗೆ ಫೋಟೋ ತೆಗೆಯಲು ಎರಡು ಕೈ ಬೇಕಿತ್ತು.

ದಾರ ಬಿಟ್ಟ. ಗೇಟಿನ ಕೀಲು ಧಡ್ಡೆಂದು ಹಲ್ಲುಗಳ ನಡುವೆ ಬಿದ್ದು ಉರುಳೆಯನ್ನು ಕಚ್ಚಿ ನಿಲ್ಲಿಸಿತು. ಬುಟ್ಟಿ ಗಕ್ಕನೆ ನಿಂತು ಸರಿಯಪ್ಪನ ಗದ್ದ ಅಂಚಿಗೆ ಬಡಿಯಿತು. ಆ ಸದ್ದು ಹತ್ತಿಕಿವಿಗೆ ಕೇಳಲಿಲ್ಲ. ಹಗ್ಗ ಇಳಿಯುತ್ತಿಲ್ಲ ಎಂದಷ್ಟೇ ಕಂಡಿತು. ಬ್ರೇಕು ಬಿಗಿಯಾಗಿದೆಯೇನೋ ಎಂದುಕೊಂಡು ಆ ಪುಣ್ಯಾತ್ಮ ಬ್ರೇಕನ್ನು ಪೂರ್ತಿ ಬಿಟ್ಟು, ಎಂಜಿನ್ನಿಗೆ ಇನ್ನಷ್ಟು ವೇಗ ಕೊಟ್ಟ. ಎರಕದ ಕಬ್ಬಿಣ ಬಿರುಕಿನ ಜಾಗದಲ್ಲಿ ಫಟ್ಟನೆ ಎರಡಾಯಿತು.

ಬುಟ್ಟಿ ಬಿತ್ತು.  ಆ ಗಳಿಗೆಯಲ್ಲಿ ಸರಿಯಪ್ಪನಿಗೆ ತನ್ನ ಭಾವಮೈದುನನ ಮುಖ ಕಣ್ಣೆದುರು ಬಂದು, ಅಯ್ಯೋ ಪಾಪಿ ನಾನು ಎನ್ನಿಸಿತು. ಇದೊಂದು ಸಲ ಉಳಿದರೆ ಇನ್ನು ಪ್ರತಿ ಬೋಲ್ಟನ್ನೂ ಕೈಯಿಂದ ಮುಟ್ಟಿ ನೋಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದ. ಎರಡಾಳಿನಷ್ಟು ಆಳ ಬಿದ್ದಿರಬಹುದು. ಮೇಲೆ ಎಲ್ಲೋ ಗುರ್ರ್ ಎಂಬ ಸದ್ದಾಗಿ, ಯಾರೋ ಹಿಡಿದು ಕೂರಿಸಿದ ಹಾಗೆ, ಬುಟ್ಟಿ ಮೆತ್ತಗೆ ನಿಂತಿತು. ಆಣೆ ಅಲ್ಲಿಗೇ ಅರ್ಧ ಕರಗಿತು.

ತಲೆಯೆತ್ತಿ ನೋಡಿದರೆ ಮೇಲೆ ತಟ್ಟೆಯಗಲದ ಆಕಾಶ, ಅದರ ಅಂಚಿಗೆ ಸುತ್ತಲೂ ತಲೆಗಳು.

“ಕೆಳಗೆ ಹೇಗಿದೆ?” ಎಂದು ತಪಾಸಣೆಯವಳು ಕೂಗಿದಳು.

“ಸ... ಸರಿ ಇದೆ” ಎಂದಿತು ಅವನ ಬಾಯಿ, ಅವನನ್ನು ಕೇಳದೆ.

ಬಾವಿಯಲ್ಲಿ ನೇತಾಡುತ್ತಲೇ ಅವನು ತನ್ನ ತೀರ್ಪು ಕೇಳಬೇಕಾಯಿತು. ಬಾವಿಯ ಗೋಡೆ ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಿತ್ತು.

“ಈ ಮುರಿದ ತುಂಡು ಏನಿದು?” ಎಂದಳು ಆಕೆ.

“ತಡೆಹಲ್ಲು ಮೇಡಂ” ಎಂದ ಯಜಮಾನ.

“ಈ ವಿಂಚಿಗೆ ತಡೆಹಲ್ಲು ಇಲ್ಲ. ಯಾವತ್ತೂ ಇರಲಿಲ್ಲ. ಈ ಪಟ್ಟಿ ಬೇರೆ ಯಂತ್ರದ್ದು. ಹಾಳೆಯ ತಲೆ ಮೇಲೆ ಅದರ ನಂಬರೇ ಇದೆ. ಆ ಹಳೇದನ್ನ ಮಾರಿ ಇದನ್ನ ತಂದು ಆರು ವರ್ಷ ಆಯ್ತು, ಪಟ್ಟಿ ಮಾತ್ರ ಬದಲಾಯಿಸಿಲ್ಲ. ಇದರಲ್ಲಿ ಕಾಯೋದು ಈ ಹಸಿರು ಡಬ್ಬಿ. ಉರುಳೆ ಜೋರಾಗಿ ತಿರುಗಿದ್ರೆ ಒಳಗಿನ ಬಿಗಿ ಬಿಲ್ಲೆ ತಾನಾಗೇ ಅರಳಿ ಉರುಳೇನ ಹಿಡಿಯುತ್ತೆ. ಈಗ ಹಿಡೀತಲ್ಲ, ಹಾಗೆ. ಇರೋದರ ಮೇಲೆ ಲೋಟ ಇಟ್ಟಿದ್ದೀರಿ, ಇಲ್ಲದ್ದಕ್ಕೆ ದಿನಾ ‘ಸರಿ ಇದೆ’ ಬರೆದಿದ್ದೀರಿ. ಈ ಗೇಟಿನ ಕೀಲನ್ನ ಇಲ್ಲಿ ಹಾಕಿದ್ದು ಯಾರು?”

ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು. ಬೆಳಿಗ್ಗೆ ತಡೆಹಲ್ಲಿನ ಬಣ್ಣ, ಎಣ್ಣೆ, ಗಾಯ ಎಲ್ಲವನ್ನೂ ನೆನಪಿಟ್ಟುಕೊಂಡಿದ್ದವರು ಒಬ್ಬೊಬ್ಬರಾಗಿ ಎಲ್ಲ ಮರೆತರು. “ನಮಗೇನು ಗೊತ್ತು ಮೇಡಂ, ಅವನೇ ಎಲ್ಲಿಂದಲೋ ತಂದ” ಎಂದಿತು ಬೆಸುಗೆಯವನ ದನಿ. “ನಾನು ಇದನ್ನ ನೋಡಿರೋದೇ ಇವತ್ತು” ಎಂದಿತು ಗಾಯದವನ ದನಿ. ಸರಿಯಪ್ಪ ಕೆಳಗಿನಿಂದ ಅವರಿಬ್ಬರ ವಂಶವನ್ನು ಬೈದ. ಅದು ಮೇಲಕ್ಕೆ ಮುಟ್ಟುವಾಗ ಬರೀ ಗೊಗ್ಗರು ಸದ್ದಾಗಿತ್ತು.

“ಯಂತ್ರ ಪಾಸು” ಎಂದಳು ತಪಾಸಣೆಯವಳು. ಯಜಮಾನ ನಿಟ್ಟುಸಿರು ಬಿಟ್ಟದ್ದು ಬಾವಿಯವರೆಗೂ ಕೇಳಿತು. “ರಿಜಿಸ್ಟರು ಫೇಲು.”

“ಅವನನ್ನ ನಾಳೆಯಿಂದಲೇ ಪೈಪಿಗೆ ಹಾಕ್ತೀನಿ ಮೇಡಂ.”

“ಬೇಡ. ಅಷ್ಟು ಸುಲಭಕ್ಕೆ ಬಿಡಬೇಡಿ. ಹುದ್ದೆ ಅವರದೇ ಇರಲಿ. ಒಂಬತ್ತನೇ ಸಾಲು ಇನ್ಮುಂದೆ ನಿಜವಾಗಲಿ. ದಿನಾ ಮೊದಲು ಇಳಿಯೋದು ಅವರು. ರಿಜಿಸ್ಟರ್ ಬರೆಯೋದು ಇಷ್ಟು ದಿನ ಇಳೀತಿದ್ದೋನು. ತೂಗಾಡಿದೋನಿಗೆ ಹಗ್ಗದ ಬೆಲೆ ಗೊತ್ತಿರುತ್ತೆ.”

ಎಲ್ಲರೂ ತಲೆದೂಗಿದರು. ಎಷ್ಟು ನ್ಯಾಯವಾದ ಮಾತು! ಕೆಳಗಿದ್ದವನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಭಾವಮೈದುನ ತನ್ನವನು, ಹೆಂಡತಿಯ ಒಡಹುಟ್ಟಿದವನು, ಇಳಿದು ಇಳಿದು ಪೆಟ್ಟು ತಿಂದವನು. ಅವನು ಬರೆದರೆ ತನ್ನ ಜೀವಕ್ಕೆ ಭಯವಿಲ್ಲ ಎಂದುಕೊಂಡ.

ಡಬ್ಬಿಯ ಬಿಗಿ ಬಿಡಿಸಿ ಅವನನ್ನು ಮೇಲೆತ್ತಿದಾಗ ಐದು ಗಂಟೆ. ತಪಾಸಣೆಯವಳು ಹೊರಡುವ ಮೊದಲು ಸರಿಯಪ್ಪನ ಎದುರಿನಲ್ಲೇ ಭಾವಮೈದುನನ ಕೈಗೆ ಒಂದು ಉದ್ದನೆಯ ಕೀಲಿ ಕೊಟ್ಟು, ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. “ಒಂದು ಸಲ ಹಿಡಿದ ಮೇಲೆ ಒಳಗಿನ ಬಿಗಿ ಸಡಿಲ ಆಗಿರುತ್ತೆ. ಈಗ ಕಾದಿದೆ, ಆರಲಿ. ಆಮೇಲೆ ಈ ಕೀಲಿ ಹಾಕಿ ಮೂರು ಸುತ್ತು ತಿರುಗಿಸು. ತಿರುಗಿಸದೆ ಯಾರನ್ನೂ ಇಳಿಸಬೇಡ. ಇನ್ನೊಂದು ಸಲ ಅದು ಹಿಡಿಯಲ್ಲ. ಹೊಸ ಪಟ್ಟಿ ಮುಂದಿನ ವಾರ ಕಳಿಸ್ತೀನಿ.” ಭಾವಮೈದುನ ಹೂಂ ಹೂಂ ಎಂದು ಎಂಟು ಸಲ ತಲೆಯಾಡಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಅವಳನ್ನು ಬಿಟ್ಟುಬರಲು ಹೋದ ಕಾರು ತಿರುವು ದಾಟಿದ್ದೇ ಯಜಮಾನ ಗಡಿಯಾರ ನೋಡಿದ. “ಇವತ್ತಿನ ಅಳತೆ ಆಗಲಿಲ್ಲವಲ್ಲ. ಬೆಳಕಿರುವಾಗಲೇ ತಳ ನೋಡಿಬಿಡಿ. ಸರಿಯಪ್ಪ, ಒಂಬತ್ತನೇ ಸಾಲು!”

ಸರಿಯಪ್ಪ ಬುಟ್ಟಿ ಹತ್ತಿದ. ಈ ಸಲ ಕಾಲು ಸಿಕ್ಕಿಕೊಳ್ಳಲಿಲ್ಲ, ಮನುಷ್ಯ ಎಷ್ಟು ಬೇಗ ಕಲಿಯುತ್ತಾನೆ! ಶೆಡ್ಡಿನೊಳಗೆ, ಕುರ್ಚಿ ಇದ್ದ ಜಾಗದಲ್ಲಿ ಒಂದು ಖಾಲಿ ಡ್ರಮ್ಮು ಬೋರಲು ಹಾಕಿಕೊಂಡು, ಕಾಲಿನ ಮೇಲೆ ಕಾಲು ಹಾಕಿ, ಭಾವಮೈದುನ ರಿಜಿಸ್ಟರ್ ಬರೆಯುತ್ತಿದ್ದ. ಪೆನ್ನು ಸರಸರ ಓಡುತ್ತಿತ್ತು.

“ಎಲ್ಲಾ ನೋಡಿದ್ದೀಯೇನೋ?” ಎಂದು ಸರಿಯಪ್ಪ ಬುಟ್ಟಿಯಿಂದ ಕೂಗಿದ.

“ಸರಿ ಇದೆ ಭಾವ, ಇಳೀರಿ.”

ಆ ದನಿ, ಆ ರಾಗ ಎಲ್ಲೋ ಕೇಳಿದಂತಿತ್ತು. ಬುಟ್ಟಿ ಅಲುಗಿ ಅಂಚಿನಿಂದ ಬಾವಿಯ ಬಾಯಿಯ ಮೇಲಕ್ಕೆ ಜರುಗಿತು. ಸರಿಯಪ್ಪ ಬುಟ್ಟಿಯ ಅಂಚು ಹಿಡಿದು ಶೆಡ್ಡಿನ ಕಡೆಗೆ ಬಗ್ಗಿದ.

“ಹದಿನಾಲ್ಕೂ ನೋಡಿದ್ಯಾ?”

“ಹದಿನಾಲ್ಕೂ.”

“ಏಳನೇದು ಓದು!”

ಭಾವಮೈದುನ ಹಾಳೆ ಎತ್ತಿ ಹಿಡಿದ. “‘ವಿಂಚಿನ ತಡೆಹಲ್ಲು ಸರಿಯಾಗಿ ಬೀಳುತ್ತಿದೆಯೇ?’ ಸರಿ ಇದೆ.” ಮತ್ತೆ ಗಾಳಿಗೆ ಹಾಳೆ ಹಾರದ ಹಾಗೆ ಅದರ ಮೇಲೆ ಭಾರಕ್ಕೆ ಒಂದು ಕಬ್ಬಿಣ ಇಟ್ಟ. ಇಟ್ಟದ್ದು ಗೇಟಿನ ಮುರಿದ ಕೀಲಿನ ಅರ್ಧ ತುಂಡು.

“ಲೋ, ಅದು ಹಾಳಾಗ್ಲಿ! ಹಸಿರು ಡಬ್ಬಿ! ಕೀಲಿ ತಿರುಗಿಸಿದ್ಯಾ?”

ಭಾವಮೈದುನ ಪಟ್ಟಿಯ ಮೇಲೆ ಬೆರಳಿಟ್ಟು ಒಂದರಿಂದ ಹದಿನಾಲ್ಕರವರೆಗೆ ನಿಧಾನವಾಗಿ ಹುಡುಕಿದ. ಇನ್ನೊಂದು ಸಲವೂ ಹುಡುಕಿದ. ಪಾಪ, ಅವನು ಕೆಲಸದಲ್ಲಿ ಬಲು ನಿಷ್ಠೆಯವನು.

“ಅದು ಪಟ್ಟೀಲೇ ಇಲ್ವಲ್ಲ ಭಾವ!”

“ನಿಲ್ಸೋ! ನಿಲ್ಸೋ!” ಎಂದು ಸರಿಯಪ್ಪ ವಿಂಚಿನ ಕಡೆಗೆ ತಿರುಗಿ ಕಿರುಚಿದ. ಹತ್ತಿಕಿವಿ ಕಿವಿಗೆ ಆಗಷ್ಟೇ ಹೊಸ ಹತ್ತಿ ತುರುಕಿಕೊಂಡಿದ್ದ. ಮತ್ತೆ ಡಬ್ಬಿಯ ಮೇಲೇರಿದ್ದ ಲೋಟ ಎತ್ತಿ ಕೊನೆಯ ಗುಟುಕು ಕುಡಿದು, ಸರಿಯಪ್ಪನ ಬಾಯಿ ಅಲ್ಲಾಡುವುದನ್ನು ನೋಡಿ ‘ಆಯ್ತು’ ಎಂದು ತಲೆಯಾಡಿಸಿ, ಬ್ರೇಕು ಬಿಟ್ಟ.